ದೊಡ್ಡಮ್ಮನಿಗೆ, ಮತ್ತು ನಮ್ಮ ಕೈಹಿಡಿದ ಎಲ್ಲರಿಗೂ

ಆಸ್ಪತ್ರೆಯಲ್ಲಿದ್ದ ಮಗಳು ಸೋಮವಾರದಿಂದ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಏನಾಗಿತ್ತು, ಎಲ್ಲಿಗೆ ಸೇರಿಸಿದ್ದೆವು ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ರಕ್ತ ಕೊಟ್ಟ ಹುಡುಗರು, ತಮ್ಮತಮ್ಮಲ್ಲೇ ದುಡ್ಡು ಸೇರಿಸಿದ ಅಡಿಕೆ ಮಂಡಿಯ ಹಮಾಲರು, ನಮ್ಮ ಚರ್ಚಿನಲ್ಲಿ ಬಡವರಿಗೆ ನೆರವಾಗುವ ವಿನ್ಸೆಂಟ್ ದೆ ಪೌಲ್ ಸಭೆಯವರು, ದಿನಾ ಬುತ್ತಿ ಕಳಿಸಿದ ಗೋಪಾಳದ ಅತ್ತಿಗೆ, ಚರ್ಚಿನ ಬಲಿಪೂಜೆಯಲ್ಲಿ ಮಗಳ ಹೆಸರು ಹೇಳಿ ಬೇಡಿಕೊಂಡ ಫಾದರ್, ನಿಮ್ಮೆಲ್ಲರಿಗೂ ಕೈಮುಗಿಯುತ್ತೇನೆ. ಉಳಿದದ್ದನ್ನು ತೀರ್ಥಹಳ್ಳಿಯ ನನ್ನ ದೊಡ್ಡಮ್ಮನಿಗಾಗಿ ಬರೆಯುತ್ತಿದ್ದೇನೆ.

ಆಸ್ಪತ್ರೆಗೆ ಹಣ ಕಟ್ಟಬೇಕಾದ ಹಿಂದಿನ ರಾತ್ರಿ. ಹೆಂಡತಿ ಮಗಳ ಹತ್ತಿರ, ನಾನು ಮನೆಯಲ್ಲಿ ಒಬ್ಬನೇ. ಮೇಜಿನ ಮೇಲೆ ಅಡಿಕೆ ಮಂಡಿಯ ಚೀಲ. ಬೆಳಿಗ್ಗೆ ಬೆಳೆಗಾರರಿಗೆ ಬಟವಾಡೆ ಆಗಬೇಕಿದ್ದ ಹಣವನ್ನು ಸಾಹುಕಾರರು ನನ್ನನ್ನು ನಂಬಿ ಕೊಟ್ಟಿದ್ದರು. ನಮಗೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಕದಿಯೋಣ ಅಂತ ಅನ್ನಿಸಲೇ ಇಲ್ಲ. 'ನಾಲ್ಕು ದಿನದ ಮಟ್ಟಿಗೆ' ಅನ್ನಿಸಿತು. 'ಮಗುವಿಗಾಗಿ ತಾನೆ' ಅನ್ನಿಸಿತು. ಆಮೇಲೆ, 'ದೇವರಿಗೆ ನಿಜವಾಗಿ ಕರುಣೆ ಇದ್ದಿದ್ದರೆ ನಿನ್ನನ್ನು ಈ ಸ್ಥಿತಿಗೆ ತರುತ್ತಿದ್ದರೇ?' ಅಂತಲೂ.

ಮಂಡಗದ್ದೆ ದಾರಿಯ ಮಳೆಯಲ್ಲಿ ಕೊನೇ ಬಸ್ಸು ಹಿಡಿದು ದೊಡ್ಡಮ್ಮ ಬಂದರು. ನನ್ನ ಮುಖ ನೋಡಿದರು, ಚೀಲ ನೋಡಿದರು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಬಿಟ್ಟೆ. ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಾ, "ಪಟ್ಟಿ ಇದೆಯಾ? ಒಂದೊಂದಾಗಿ ಓದು" ಅಂದರು.

ಬೆಳೆಗಾರರು, ಅವರು ತಂದ ಅಡಿಕೆಯ ಬಗೆ, ಎಲ್ಲ ಓದಿದೆ. ಕೋಣಂದೂರಿನವರು, ಬೆಟ್ಟೆ. ರಿಪ್ಪನ್‌ಪೇಟೆಯವರು, ರಾಶಿ. ಆಯನೂರು ಕಡೆಯ ಒಬ್ಬ ಹೆಂಗಸು, ಒಂದೇ ಚೀಲ ಗೊರಬಲು. ಪ್ರತಿ ಹೆಸರಿಗೂ ದೊಡ್ಡಮ್ಮ, "ಇವರಿಗೇನು ಖರ್ಚಿದೆಯೋ?" ಅನ್ನುತ್ತಿದ್ದರು. ಆ ಹೆಂಗಸು ತೋಟಕ್ಕೆ ಎಲೆಚುಕ್ಕಿ ರೋಗ ಬಂದು, ಮದ್ದು ಹೊಡೆಸಲು ಸಾಲ ಮಾಡಿದ್ದು ನನಗೆ ಗೊತ್ತಿತ್ತು. ಅದನ್ನು ಹೇಳುವಾಗ ಗಂಟಲು ಕಟ್ಟಿತು. ಮದುವೆಯಾದ ಮೇಲೆ ಯಾರೆದುರೂ ಅತ್ತವನಲ್ಲ ನಾನು. ಅವತ್ತು ಅವರ ಮಡಿಲಿಗೆ ತಲೆಯಿಟ್ಟು, ನನ್ನ ಮಗು ಸತ್ತೇಹೋಗುತ್ತದೆ ದೊಡ್ಡಮ್ಮ ಅಂತ ಕೂಗಿ ಅತ್ತೆ.

ಅವರು ನನ್ನ ಜ್ಞಾನತಾಯಿ. "ನಿನ್ನ ಜ್ಞಾನಸ್ನಾನದ ದಿನ ಸೈತಾನನನ್ನು ತ್ಯಜಿಸುತ್ತೇನೆ ಅಂತ ನಿನ್ನ ಪರವಾಗಿ ಹೇಳಿದವಳು ನಾನಲ್ವೇನೋ? ಇವತ್ತೂ ನಾನೇ ಹೇಳ್ತೀನಿ, ನೀನು ಮಲಗು ಮಾರಾಯ" ಅಂದು ಗಂಜಿ ಕುಡಿಸಿ, ಬೆಳಗಿನವರೆಗೂ ಜಪಸರ ಹಿಡಿದು ಕೂತಿದ್ದರು.

ಆಮೇಲೆ ಬೈಬಲ್ಲಿನ ಆದಿಕಾಂಡದ 3ನೇ ಅಧ್ಯಾಯವನ್ನು, ಆದಾಮ ಹವ್ವರ ಕಥೆಯನ್ನು, ಎಷ್ಟೋ ಸಲ ಓದಿದ್ದೇನೆ. ಸರ್ಪ 'ತಿನ್ನು' ಅನ್ನುವುದಿಲ್ಲ, ಪ್ರಶ್ನೆ ಕೇಳುತ್ತದೆ. ಒಂದು ಮರವನ್ನು ಬಿಟ್ಟು ತೋಟವನ್ನೆಲ್ಲ ಕೊಟ್ಟ ದೇವರನ್ನು ಜಿಪುಣರಂತೆ ತೋರಿಸುತ್ತದೆ. ಕೈ ಹಣ್ಣಿಗೆ ಹೋಗುವ ಮೊದಲೇ ನಂಬಿಕೆ ಹೋಗಿತ್ತು. ಪಾಪದ ಬೇರು ಅಲ್ಲಿದೆ ಎಂದು ನನಗೀಗ ಅನ್ನಿಸುತ್ತದೆ. ಇನ್ನೊಂದು ಮಾತನ್ನು ನಾನು ಮೊದಲು ಗಮನಿಸಿರಲೇ ಇಲ್ಲ: ಹವ್ವಳು ಹಣ್ಣು ಕೊಟ್ಟದ್ದು ಜೊತೆಯಲ್ಲೇ ಇದ್ದ ಗಂಡನಿಗೆ. ಆದಾಮ ಪಕ್ಕದಲ್ಲಿದ್ದೂ ಒಂದು ಮಾತಾಡಲಿಲ್ಲ. ನನ್ನ ಪಕ್ಕದಲ್ಲಿದ್ದವರು ಮಾತಾಡಿದರು.

ಶೋಧನೆ, ಅಂದರೆ ಪಾಪದ ಕಡೆಗೆ ಎಳೆಯುವ ಸೆಳೆತ, ಬಂದದ್ದೇ ಪಾಪವಲ್ಲ. 40 ದಿನ ಉಪವಾಸವಿದ್ದ ಯೇಸುಸ್ವಾಮಿಗೂ ಬಂತು, ಅದೂ ಹಸಿವಾದಾಗ, ರೊಟ್ಟಿಯ ರೂಪದಲ್ಲಿ. ರೊಟ್ಟಿಯಲ್ಲಿ ಕೆಟ್ಟದ್ದೇನಿದೆ? ಮಗಳ ಚಿಕಿತ್ಸೆಯಲ್ಲೂ ಕೆಟ್ಟದ್ದಿರಲಿಲ್ಲ. ಶೋಧನೆಯ ಜೊತೆಗೆ ಪಾರಾಗುವ ದಾರಿಯನ್ನೂ ದೇವರು ಕೊಡುತ್ತಾರೆಂದು ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದಾರೆ (1 ಕೊರಿಂಥ 10:13). ನಾನು ಆ ದಾರಿಯನ್ನು ನನ್ನೊಳಗಿನ ಧೈರ್ಯದಲ್ಲಿ ಹುಡುಕುತ್ತಿದ್ದೆ.

ಬೆಳಿಗ್ಗೆ ಬಟವಾಡೆಗೆ ಮೊದಲು ದೊಡ್ಡಮ್ಮ ನನ್ನನ್ನು ಸಾಹುಕಾರರ ಮನೆಗೆ ಕರೆದುಕೊಂಡು ಹೋದರು. ಬಾಯಿಬಿಟ್ಟು ಸಾಲ ಕೇಳಿದೆ, ಕೊಟ್ಟರು. ಅವರಿಗೂ ನಾನು ಋಣಿ.

ಆ ಚೀಲ ಈಗಲೂ ಆಗಾಗ ನನ್ನ ಕೈಗೆ ಬರುತ್ತದೆ. ಸೈತಾನ ಯೇಸುವನ್ನು ಬಿಟ್ಟುಹೋದದ್ದು ತಕ್ಕ ಸಮಯ ಬರುವವರೆಗೆ ಮಾತ್ರ ಎಂದು ಲೂಕನ ಶುಭಸಂದೇಶ ಹೇಳುತ್ತದೆ. ಹಾಗಾಗಿ ಅಂಥ ರಾತ್ರಿಗಳಲ್ಲಿ ತೀರ್ಥಹಳ್ಳಿಗೆ ಫೋನ್ ಮಾಡುತ್ತೇನೆ. ಅಡಿಕೆ ಧಾರಣೆ, ಮಳೆ, ಮಗಳ ಊಟದ ಸುದ್ದಿ ಮಾತಾಡುತ್ತೇವೆ.

ಬರುವ ಭಾನುವಾರ ಸಂಜೆ ಮನೆಯಲ್ಲಿ ಜಪಸರ, ಆಮೇಲೆ ಊಟ ಇಟ್ಟುಕೊಂಡಿದ್ದೇವೆ. ದೊಡ್ಡಮ್ಮ ಶನಿವಾರವೇ ಬರುತ್ತಾರೆ. ಎಲ್ಲರೂ ಮಕ್ಕಳನ್ನು ಕರೆದುಕೊಂಡು ಬನ್ನಿ.