ಹಳ್ಳಿ ಹುಡುಗರ ಜೊತೆ ಕೆಲಸ, ಟ್ರೈನಿಂಗ್ ಮಾತ್ರ ಹಾಲ್ ಒಳಗೆ

ಸಂಪಾದಕರಿಗೆ ನಮಸ್ಕಾರ,

ಹೊರದೇಶದಲ್ಲಿ ಹಳ್ಳಿ ಹುಡುಗರ ಜೊತೆ ವಾಲಂಟಿಯರ್ ಆಗಿ ಕೆಲಸ ಮಾಡ್ಬೇಕು ಅಂತಿರೋರಿಗಾಗಿ ಇದನ್ನ ಬರೀತಿದೀನಿ. ನಾನು ಹೋದಾಗ ಎರಡು ವಾರ ಬರೀ ಪ್ರೊಜೆಕ್ಟರ್ ಮುಂದೆ ಕೂರಿಸಿದ್ರು, ನೋಟ್‌ಬುಕ್ ತುಂಬಿತು, ಆದ್ರೆ ಹಳ್ಳೀಲಿ ಹುಡುಗರ ಮುಂದೆ ನಿಂತಾಗ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಕೊನೆಗೆ ಒಬ್ಬ ಹುಡುಗಿ ಕಡ್ಡಿ ತಗೊಂಡು ಮಣ್ಣಲ್ಲಿ ಊರಿನ ಮ್ಯಾಪ್ ಗೀಚಿ, ನೀರು ಎಲ್ಲಿಂದ ತರ್ತೀವಿ, ಕತ್ತಲಾದ್ಮೇಲೆ ಯಾವ ದಾರೀಲಿ ಹೋಗಕ್ಕೆ ಭಯ ಅಂತ ತೋರಿಸಿದ್ಲು, ನೋಡ್ತಾ ನೋಡ್ತಾ ಉಳಿದೋರೂ ಸುತ್ತ ಕೂತು ಇಲ್ಲಲ್ಲ ಅಲ್ಲಿ ಅಂತ ತಿದ್ದಕ್ಕೆ ಶುರು ಮಾಡಿದ್ರು. ನನ್ನ ನಿಜವಾದ ಟ್ರೈನಿಂಗ್ ಶುರುವಾಗಿದ್ದೇ ಅವತ್ತು.

1961ರಲ್ಲಿ ಶುರುವಾದ ಅಮೆರಿಕ ಸರ್ಕಾರದ ವಾಲಂಟಿಯರ್ ಸಂಸ್ಥೆ ಪೀಸ್ ಕೋರ್‌ನಲ್ಲಿ ಎರಡು ವರ್ಷದ ಕೆಲಸಕ್ಕೆ ಮುಂಚೆ ಸುಮಾರು ಮೂರು ತಿಂಗಳು ಕೆಲಸ ಮಾಡೋ ದೇಶದಲ್ಲೇ ಟ್ರೈನಿಂಗ್ ಇರತ್ತೆ, ಸಾಮಾನ್ಯವಾಗಿ ಅಲ್ಲಿನವರ ಮನೇಲೇ ಇದ್ದು ಭಾಷೆ ಕಲೀಬೇಕು. ಇದೇ ಸರಿ ಅನ್ಸತ್ತೆ ನಂಗೆ. ಬೇರೆ ಸಂಸ್ಥೆಗಳೂ ದಯವಿಟ್ಟು ಅಲ್ಲಿನ ಯುವಕರನ್ನೇ ಟ್ರೈನರ್ ಮಾಡ್ಲಿ, ಚಿಕ್ಕ ವಯಸ್ಸಿನವರ ಜೊತೆ ಹೇಗಿರಬೇಕು, ಏನು ಮಾಡಬಾರದು ಅನ್ನೋದನ್ನ ಮೊದಲ ದಿನವೇ ಹೇಳಿಕೊಡ್ಲಿ.

– ಒಬ್ಬ ವಾಲಂಟಿಯರ್