ನೊರೆ ಬರದಿದ್ದರೆ ಎಣ್ಣೆ ಸುರಿಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಮನೆಯಲ್ಲೇ ಸೋಪು ಮಾಡುವ ಬಗ್ಗೆ ಬಂದ ಬರಹ ಓದಿದೆ. ಬೇಸನ್ನು, ಅಂದರೆ ಅಂಗಡಿಯಲ್ಲಿ ಸಿಗುವ ಸಿದ್ಧ ಸೋಪಿನ ಗಟ್ಟಿಯನ್ನು, ಕರಗಿಸಿ ಅಚ್ಚಿಗೆ ಹೊಯ್ಯುವ ಮೆಲ್ಟ್ ಅಂಡ್ ಪೋರ್ ಸೋಪಿಗೆ ಒಂದು ಪುಟ ಕೊಟ್ಟಿದ್ದೀರಿ, ಖುಷಿಯಾಯಿತು. ಆದರೆ ನೊರೆ ಜಾಸ್ತಿಯಾಗಲು ಕರಗಿದ ಬೇಸಿಗೆ ಹರಳೆಣ್ಣೆಯನ್ನೂ ಸಕ್ಕರೆ ಪಾಕವನ್ನೂ ಸೇರಿಸಿ ಎಂದು ಅದರಲ್ಲಿ ಹೇಳಿದ್ದಾರೆ. ಹಾಗೆ ಮಾಡಿದರೆ ಎಣ್ಣೆಯಿಂದ ಇರುವ ನೊರೆಯೂ ಹೋಗುತ್ತದೆ, ಪಾಕದಿಂದ ಸೋಪು ಅಂಟಂಟಾಗುತ್ತದೆ. ಮನೆಗೆ ಬಂದವರಿಗೆ ನಾನು ಈ ಸೋಪು ಮಾಡುವುದನ್ನು ಹೇಳಿಕೊಡುತ್ತೇನೆ. ನೊರೆ ಯಾಕೆ ಬರ್ತಿಲ್ಲ ಅನ್ನುವುದೇ ಅವರು ಹೆಚ್ಚಾಗಿ ಕೇಳುವ ಪ್ರಶ್ನೆ. ಅದಕ್ಕೇ ಈ ಪತ್ರ.

ಹರಳೆಣ್ಣೆಯ ಸಲಹೆ ಪೂರ್ತಿ ಸುಳ್ಳೇನಲ್ಲ. ಅದು ಬೇರೆ ಬಗೆಯ ಸೋಪಿಗೆ ಸೇರಿದ್ದು. ಎಣ್ಣೆಗೆ ಕಾಸ್ಟಿಕ್ ಸೋಡಾದ ದ್ರಾವಣ ಬೆರೆಸಿ ಮೊದಲಿನಿಂದ ಸೋಪು ಮಾಡುವವರು ಹರಳೆಣ್ಣೆ ಹಾಕುತ್ತಾರೆ. ಅಲ್ಲಿ ಕ್ಷಾರ ಆ ಎಣ್ಣೆಯನ್ನೂ ಸೋಪಾಗಿ ಬದಲಿಸುತ್ತದೆ, ಆ ಸೋಪು ನೊರೆಯನ್ನು ಹಿಡಿದು ನಿಲ್ಲಿಸುತ್ತದೆ. ನಾವು ಕರಗಿಸುವ ಬೇಸಿನಲ್ಲಿ ಆ ಕೆಲಸ ಮೊದಲೇ ಮುಗಿದಿರುತ್ತದೆ. ಹೊಸದಾಗಿ ಸುರಿದ ಎಣ್ಣೆಯನ್ನು ಸೋಪು ಮಾಡಲು ಅಲ್ಲಿ ಕ್ಷಾರ ಉಳಿದಿಲ್ಲ. ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಅದರ ಸಣ್ಣ ಹನಿಗಳು ನೊರೆಗುಳ್ಳೆಯ ತೆಳುವಾದ ಪೊರೆಯ ಮೇಲೆ ಹರಡಿ ಅದನ್ನು ಒಡೆಯುತ್ತವೆ. ಸೋಪಿನ ಒಂದು ಪಾಲು ಆ ಎಣ್ಣೆಯನ್ನು ತೊಳೆಯುವುದಕ್ಕೇ ಖರ್ಚಾಗುತ್ತದೆ. ಚರ್ಮಕ್ಕೆ ಒಳ್ಳೆಯದೆಂದು ಹಾಕುವ ಬಾದಾಮಿ ಎಣ್ಣೆ, ಶೀ ಬಟರ್, ಕೊಕೊ ಬಟರ್ ಎಲ್ಲಕ್ಕೂ ಇದೇ ಮಾತು. ಹಾಕಲೇಬೇಕೆಂದಿದ್ದರೆ ಒಂದು ಕಿಲೋ ಬೇಸಿಗೆ ಎಲ್ಲಾ ಸೇರಿ ಎರಡು ಟೀ ಚಮಚ, ಅಂದರೆ ಸುಮಾರು ಶೇ 1. ಅದಕ್ಕಿಂತ ಜಾಸ್ತಿ ಬೇಡ.

ಸಕ್ಕರೆಯದೂ ಹಾಗೇ. ಕ್ಷಾರದಿಂದ ಮಾಡುವ ಸೋಪಿಗೆ ಸಕ್ಕರೆ ನೆರವಾಗುತ್ತದೆ, ನಿಜ. ಆದರೆ ಬೇಸುಗಳಲ್ಲಿ ಗ್ಲಿಸರಿನ್ ಧಾರಾಳವಾಗಿರುತ್ತದೆ. ಹಲವು ಬೇಸುಗಳಲ್ಲಿ ಸಕ್ಕರೆಯ ಜಾತಿಯ ಸಾರ್ಬಿಟಾಲ್ ಕೂಡ ಇರುತ್ತದೆ. ಅದರ ಮೇಲೆ ಪಾಕವನ್ನೋ ಜೇನನ್ನೋ ಸುರಿದರೆ ಸೋಪು ಮೆತ್ತಗಾಗಿ ಕೈಗೆ ಅಂಟುತ್ತದೆ, ಗಾಳಿಯ ತೇವ ಎಳೆದುಕೊಂಡು ಬೆವರುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ತಪ್ಪು ಎಲ್ಲಿದೆ ಅಂತ ಪತ್ತೆ ಮಾಡಬೇಕು. ಸುಮ್ನೆ ಏನೇನೋ ಸೇರಿಸುತ್ತಾ ಹೋಗುವುದಲ್ಲ. ಬೇಸಿನ ಗಟ್ಟಿಯಿಂದ ಏನೂ ಬೆರೆಸದ ಒಂದು ಸಣ್ಣ ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಮುಚ್ಚಳ ಇರುವ ಎರಡು ಒಂದೇ ಅಳತೆಯ ಗಾಜಿನ ಬಾಟಲಿಗಳಿಗೆ ಡಿಸ್ಟಿಲ್ಡ್ ವಾಟರ್ ಅರ್ಧದಷ್ಟು ತುಂಬಿ. ಒಂದಕ್ಕೆ ಆ ತುಂಡಿನ ತುರಿ, ಇನ್ನೊಂದಕ್ಕೆ ನೀವು ಮಾಡಿದ ಸೋಪಿನ ತುರಿ, ಎರಡೂ ಒಂದೇ ತೂಕ. ಕರಗಿದ ಮೇಲೆ ಎರಡನ್ನೂ ಒಂದೇ ರೀತಿ ಕುಲುಕಿ ಪಕ್ಕಪಕ್ಕ ಇಡಿ. ನೊರೆಯ ಎತ್ತರ ಕಣ್ಣಿಗೇ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಎಣ್ಣೆ ಜಾಸ್ತಿ ಬಿದ್ದ ಸೋಪಿನ ಬಾಟಲಿಯಲ್ಲಿ ನೊರೆ ತೆಳ್ಳಗಾಗಿ, ಅಂಚಿಗೆ ಮಾತ್ರ ಅಂಟಿಕೊಂಡು, ನಡುವೆ ನೀರು ಬಯಲಾಗಿರುತ್ತದೆ. ಬರೀ ಬೇಸಿನ ಬಾಟಲಿಯಲ್ಲಿ ಇನ್ನೂ ದಪ್ಪ ಪದರ ನಿಂತಿರುತ್ತದೆ. ಹೀಗಾದರೆ ನೀವು ಬೆರೆಸಿದ್ದರಲ್ಲೇ ದೋಷವಿದೆ. ಎರಡರಲ್ಲೂ ನೊರೆ ಕಡಿಮೆ ಇದ್ದರೆ ಬೇಸೇ ಬಡವಾಗಿದೆ. ಎರಡರಲ್ಲೂ ಚೆನ್ನಾಗಿ ಬಂದು, ಬಚ್ಚಲಲ್ಲಿ ಮಾತ್ರ ಬರುತ್ತಿಲ್ಲವೆಂದರೆ ನೀರಿನ ಕಡೆ ನೋಡಬೇಕು.

ನೀರಿನ ವಿಷಯ ಬಹಳ ಮಂದಿಯ ತಲೆಗೇ ಹೋಗುವುದಿಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಪಿನ ಜೊತೆ ಕೂಡಿ ಕರಗದ ಬಿಳಿ ಜಿಡ್ಡಾಗುತ್ತವೆ. ಬಕೆಟ್ಟಿನ ಒಳಗೆ ಅಂಟುವ ಬಿಳಿ ಪಟ್ಟೆ ಅದೇ. ಅವು ಮುಗಿಯುವ ತನಕ ಸೋಪು ನೊರೆಯಾಗುವುದಿಲ್ಲ. ಅಂಥ ನೀರಿರುವ ಕಡೆ ಎಷ್ಟೇ ಒಳ್ಳೆಯ ಸೋಪಾದರೂ ಬಡಕಲಾಗಿ ಕಾಣುತ್ತದೆ, ಮಾಡಿದವರ ಕೈಯ ತಪ್ಪೇನಿಲ್ಲ.

ಇನ್ನು ಬೇಸಿನ ಆಯ್ಕೆ. ನನ್ನ ಪ್ರಕಾರ ನೊರೆಯ ಮುಕ್ಕಾಲು ಭಾಗ ಇಲ್ಲೇ ತೀರ್ಮಾನವಾಗುತ್ತದೆ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ. ಕೊಬ್ಬರಿ ಎಣ್ಣೆ ಅಥವಾ ತಾಳೆ ಬೀಜದ ಎಣ್ಣೆಯಿಂದ ಬಂದ ಸೋಪು ಪಟ್ಟಿಯ ಮೇಲ್ಭಾಗದಲ್ಲಿದ್ದರೆ ದೊಡ್ಡ ಗುಳ್ಳೆಯ ಧಾರಾಳ ನೊರೆ ಬರುತ್ತದೆ. ಆ ಎಣ್ಣೆಗಳಲ್ಲಿರುವ ಲಾರಿಕ್ ಆಮ್ಲ, ಮಿರಿಸ್ಟಿಕ್ ಆಮ್ಲಗಳೇ ಇದಕ್ಕೆ ಕಾರಣ. ಸ್ಟಿಯರಿಕ್ ಆಮ್ಲದ ಪಾಲು ಜಾಸ್ತಿ ಇದ್ದರೆ ನೊರೆ ಕಡಿಮೆ, ಆದರೆ ಕೆನೆಯ ಹಾಗೆ ನುಣ್ಣಗೆ ಇರುತ್ತದೆ, ಸೋಪೂ ಗಟ್ಟಿ. ಕೆಲವು ಬೇಸುಗಳಿಗೆ ಸೋಡಿಯಂ ಲಾರೆತ್ ಸಲ್ಫೇಟ್ ಎಂಬ, ಸೋಪಲ್ಲದ ನೊರೆಯ ಪದಾರ್ಥ ಸೇರಿಸಿರುತ್ತಾರೆ. ಗಡಸು ನೀರಿನಲ್ಲೂ ಅವು ಚೆನ್ನಾಗಿ ನೊರೆ ಕೊಡುತ್ತವೆ. ಒಣ ಚರ್ಮದವರಿಗೆ ಕೆಲವೊಮ್ಮೆ ಒಗ್ಗುವುದಿಲ್ಲ. ಶೀ ಬಟರ್ ಬೇಸು, ಆಡಿನ ಹಾಲಿನ ಬೇಸು ಅಂತ ಹೆಸರು ನೋಡಿ ಕೊಳ್ಳುವುದಕ್ಕಿಂತ ಈ ಪಟ್ಟಿ ನೋಡಿ ಕೊಳ್ಳುವುದು ಮೇಲು.

ಕರಗಿಸುವಾಗಲೂ ನೊರೆ ಕೆಡುತ್ತದೆ. ಬೇಸು ನಿಧಾನವಾಗಿ ಕರಗಬೇಕು, ಕುದಿಯಬಾರದು. ಸಣ್ಣಗೆ ಹೆಚ್ಚಿ, ಬಿಸಿ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು, ಮೇಲೆ ಮುಚ್ಚಿ ಕರಗಿಸಿ. ಮೈಕ್ರೋವೇವ್ ಆದರೆ 20–30 ಸೆಕೆಂಡು ಬಿಸಿ ಮಾಡಿ, ತೆಗೆದು ಕಲಕಿ, ಮತ್ತೆ ಇಡಿ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟದ ಹಾಗೆ ನೋಡಿಕೊಂಡರೆ ಸಾಕು. ಬಿಸಿ ಮೀರಿದರೆ ಬೇಸಿನ ನೀರು ಆವಿಯಾಗಿ ಹೋಗುತ್ತದೆ. ಆಗ ಅದು ದಾರದಂತೆ ಎಳೆ ಬಿಡುತ್ತದೆ, ಆರಿದ ಮೇಲೆ ರಬ್ಬರಿನಂತಾಗಿ ಸುಲಭಕ್ಕೆ ಕರಗುವುದಿಲ್ಲ. ಕರಗದ ಸೋಪಿಗೆ ನೊರೆ ಎಲ್ಲಿಂದ ಬರಬೇಕು? ಉಳಿದದ್ದನ್ನು ಮತ್ತೆ ಮತ್ತೆ ಕರಗಿಸಿದರೂ ಇದೇ ಗತಿ.

ಪರಿಮಳದ ಎಣ್ಣೆಯೂ ಜಾಸ್ತಿಯಾದರೆ ನೊರೆ ತಗ್ಗುತ್ತದೆ, ಆದರೆ ಅದರ ಲೆಕ್ಕ ಬೇರೆ. ಸಾಮಾನ್ಯವಾಗಿ ಬೇಸಿನ ತೂಕದ ಶೇ 2–3ರ ಒಳಗೇ ಇರಲಿ. ಬಾಟಲಿಯ ಮೇಲೆ ಅದಕ್ಕಿಂತ ಕಡಿಮೆ ಬರೆದಿದ್ದರೆ ಅಷ್ಟೇ ಹಾಕಿ. ಮುಲ್ತಾನಿ ಮಿಟ್ಟಿಯಂಥ ಮಣ್ಣು, ಓಟ್ಸ್ ಪುಡಿ, ಹಾಲಿನ ಪುಡಿ ಇವನ್ನೂ ಹಿಡಿತದಲ್ಲಿಡಿ. ಉಪ್ಪನ್ನಂತೂ ನೊರೆ ಬೇಕೆನ್ನುವವರು ಮುಟ್ಟದಿರುವುದೇ ಒಳ್ಳೆಯದು.

ಇಷ್ಟೆಲ್ಲ ನೋಡಿಯೂ ಇನ್ನಷ್ಟು ನೊರೆ ಬೇಕೆನಿಸಿದರೆ, ಆಗ ನೊರೆಗೆಂದೇ ಇರುವ ಪದಾರ್ಥ ಬಳಸಬಹುದು. ಕೊಕಾಮಿಡೊಪ್ರೊಪಿಲ್ ಬೀಟೇನ್ ದ್ರವ ರೂಪದಲ್ಲಿ ಸಿಗುತ್ತದೆ. ನಾನು ಒಂದು ಕಿಲೋ ಬೇಸಿಗೆ 20 ಗ್ರಾಂ ದಾಟುವುದಿಲ್ಲ, ಜಾಸ್ತಿಯಾದರೆ ಸೋಪು ಮೆತ್ತಗಾಗುತ್ತದೆ. ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಪುಡಿಯ ನೊರೆ ಬಹಳ ಮೃದು. ಆದರೆ ಅದರ ನಯವಾದ ಧೂಳು ಮೂಗಿಗೆ ಹೋದರೆ ಉರಿ, ಕೆಮ್ಮು ಬರುತ್ತದೆ. ಅಳೆಯುವಾಗ ಮಾಸ್ಕ್ ಬೇಕೇ ಬೇಕು. ಫ್ಯಾನು ಆರಿಸಿ, ಮಕ್ಕಳನ್ನು ದೂರ ಕಳಿಸಿ. ಇದ್ಯಾವುದೂ ಬೇಡ ಎನ್ನುವವರು ಸೋಪನ್ನು ನೈಲಾನ್ ಜಾಲರಿಯ ಚೀಲದಲ್ಲಿ ಹಾಕಿ ಉಜ್ಜಲಿ. ನೊರೆಗೆ ಬೇಕಾದ್ದು ಗಾಳಿ, ಜಾಲರಿ ಅದನ್ನೇ ಕೊಡುತ್ತದೆ. ಮೊದಲ ಸಲ ನೋಡಿದವರಿಗೆ ಅದೇ ಸೋಪು ಅಂತ ನಂಬಿಕೆಯೇ ಬರುವುದಿಲ್ಲ.

ನಿಮ್ಮ ಪುರವಣಿ ಓದಿ ಎಷ್ಟೋ ಮಂದಿ ಈ ವಾರವೇ ಬೇಸು ತಂದು ಕರಗಿಸಲು ಕೂತಿರುತ್ತಾರೆ. ನೊರೆಯಿಲ್ಲದ ಜಿಡ್ಡು ಸೋಪು ಕಂಡರೆ ಅವರು ಇದು ನಮ್ಮ ಕೈಲಾಗದ ಕೆಲಸ ಅಂತ ಬಿಟ್ಟುಬಿಡುತ್ತಾರೆ. ಅದು ಆಗಬಾರದು. ಹರಳೆಣ್ಣೆ ಮತ್ತು ಸಕ್ಕರೆ ಪಾಕದ ಸಲಹೆ ಮೆಲ್ಟ್ ಅಂಡ್ ಪೋರ್ ಬೇಸಿಗೆ ಹೊಂದುವುದಿಲ್ಲ ಎಂದು ಮುಂದಿನ ಸಂಚಿಕೆಯಲ್ಲಿ, ಅದೇ ಪುಟದಲ್ಲಿ, ದಯವಿಟ್ಟು ಒಂದು ತಿದ್ದುಪಡಿ ಹಾಕಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು