ಹೋರಾಟದ ಹಾಡು ಮತ್ತು ತಮಟೆಯ ಶಾಖ

ಮಾನ್ಯ ಸಂಪಾದಕರೆ,

ದಲಿತ ಕವಿ ಸಿದ್ದಲಿಂಗಯ್ಯನವರ ‘ಯಾರಿಗೆ ಬಂತು? ಎಲ್ಲಿಗೆ ಬಂತು? ನಲವತ್ತೇಳರ ಸ್ವಾತಂತ್ರ್ಯ’ ಈಚೆಗೆ ಕೀಬೋರ್ಡ್ ಹಿಮ್ಮೇಳದಲ್ಲಿ, ಭಾವಗೀತೆಯ ಎಳೆತದಲ್ಲಿ ಕೇಳಿಬರುತ್ತಿದೆ. ಹಾಗೆ ಎಳೆದರೆ ಹಾಡು ಸೋಲುತ್ತದೆ.

ಈ ಹಾಡುಗಳು ಹುಟ್ಟಿದ ಕಾಲ ನೆನೆಯಿರಿ: ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದ ಮಾತಿಗೆ ಎದ್ದ 1973ರ ಬೂಸಾ ಗಲಾಟೆಯಲ್ಲಿ ದಲಿತ ನಾಯಕ, ಸಚಿವ ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನ ಬಂತು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಅವರ ಹಾಡುಗಳನ್ನು ಓದುಬರಹ ಬಾರದವರೂ ಬಾಯಿಪಾಠವಾಗಿ ಹಾಡಿದರು. ಅದಕ್ಕೆ ಕಾರಣ ‘ಯಾರಿಗೆ ಬಂತು’ ಸಾಲಿನ ಕಟ್ಟಣೆಯಲ್ಲೇ ಇದೆ. ‘ಯಾರಿಗೆ’ ನಾಲ್ಕು ಮಾತ್ರೆ (ಉಚ್ಚಾರದ ಕಾಲದ ಅಳತೆ), ‘ಎಲ್ಲಿಗೆ’ ನಾಲ್ಕು; ‘ನಲವತ್ತೇಳರ’ ಎಂಬುದು ಸರಿಯಾಗಿ ನಾಲ್ಕು ನಾಲ್ಕಾಗಿ ಒಡೆಯುತ್ತದೆ. ‘ಬಂತು’ ಮೂರೇ ಮಾತ್ರೆ, ಉಳಿದ ಒಂದರಲ್ಲಿ ಉಸಿರು ತೆಗೆದುಕೊಳ್ಳಬಹುದು. ನಡೆಯುತ್ತಾ ಹಾಡುವವರಿಗೆ ಆ ಬಿಡುವು ಬೇಕೇ ಬೇಕು. ಕೀಬೋರ್ಡಿನವರು ಅದನ್ನೇ ಆಲಾಪದಿಂದ ತುಂಬಿಬಿಡುತ್ತಾರೆ!

ಹಾಡಿಸುವವರು ಇಷ್ಟು ಗಮನಿಸಲಿ: ಒಬ್ಬರು ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ಎತ್ತಿಕೊಡುವವರ ಶ್ರುತಿ ತೀರಾ ಮೇಲಿದ್ದರೆ ಗುಂಪು ಬಾಯಿ ಮುಚ್ಚುತ್ತದೆ. ಹಿಮ್ಮೇಳಕ್ಕೆ ಹಿಡಿಯುವ ತಮಟೆಯನ್ನು ಬಾರಿಸುವ ಮುಂಚೆ ಹುಲ್ಲಿನ ಉರಿಗೆ ಹಿಡಿದು ಕಾಯಿಸಬೇಕು. ತೇವ ಕುಡಿದ ಚರ್ಮ ಸಡಿಲಾಗಿ ಮಂದ ಸದ್ದು ಕೊಡುತ್ತದೆ. ಉರಿಯ ಮೇಲೆ ಒಂದೇ ಕಡೆ ನಿಲ್ಲಿಸಿದರೆ ಚರ್ಮ ಸುಟ್ಟು ಬಿರಿಯುತ್ತದೆ, ಆದ್ದರಿಂದ ತಿರುಗಿಸುತ್ತಲೇ ಇರಬೇಕು. ಮಳೆಗಾಲದಲ್ಲಿ ಕಾರ್ಯಕ್ರಮದ ನಡುವೆ ಮತ್ತೆ ಕಾಯಿಸಬೇಕಾಗುತ್ತದೆ. ಸಭಾಂಗಣದೊಳಗೆ ಬೆಂಕಿಗೆ ಅನುಮತಿ ಸಿಗದು. ಸಂಘಟಕರು ಹೊರಗೆ ಅಂಗಳದಲ್ಲಿ ಒಂದಿಷ್ಟು ಜಾಗ, ಒಂದು ಹೊರೆ ಒಣಹುಲ್ಲು ಒದಗಿಸಲಿ.

— ಓದುಗರು